ಕೆಳಗಣ ಕಣ್ಣು

ತೂಬಿಗೆ ಮೂರು ಕಣ್ಣು ಅಂತಿದ್ದ ತಾತ, ನೀರಗಂಟಿ ಪಿಳ್ಳಪ್ಪ.
ಮೇಲಿನದು ಎಲ್ಲರಿಗೂ ಕಾಣುತ್ತೆ,
ನಡುವಿನದು ಯುಗಾದಿ ಹೊತ್ತಿಗೆ,
ಕೆಳಗಣದು ಅವನೊಬ್ಬನಿಗೇ.
ಉಸಿರು ಕಟ್ಟಿ ಮುಳುಗಿ, ಕಾಲ್ಬೆರಳಲ್ಲಿ ತಡವಿ
ಬಿರಡೆ ಸರಿಸುತ್ತಿದ್ದನಂತೆ.
ನಾನು ನೋಡಿದ್ದು ಆ ಬೆರಳುಗಳನ್ನು ಮಾತ್ರ,
ಮುಪ್ಪಿನಲ್ಲೂ ಏನನ್ನೋ ಹುಡುಕುವ ಹಾಗೆ
ಕಂಬಳಿಯ ಅಂಚು ಚಿವುಟುತ್ತಿದ್ದವು.

ಈಗ ಹೊಸಹುಡ್ಯದ ಕೆರೆಯಲ್ಲಿ ವರ್ಷವಿಡೀ ನೀರು.
ಮಳೆಯನ್ನು ಕೇಳಬೇಕಿಲ್ಲ.
ಬೆಂಗಳೂರಿನ ಮಂದಿ ಮೈ ತೊಳೆದು, ಬಾಯಿ ಮುಕ್ಕಳಿಸಿ
ಬಚ್ಚಲಿಗೆ ಬಿಟ್ಟದ್ದು
ಎಲ್ಲೋ ಶುದ್ಧವಾಗಿ, ಪೈಪು ಹತ್ತಿ,
ಕೆರೆಯಿಂದ ಕೆರೆಗೆ ಇಳಿದು ಬರುತ್ತೆ.
ಗದ್ದೆಗೆ ಬಿಡಬಾರದು, ಇಂಗಲಿ ಅಂತ
ತೂಬಿನ ಬಾಯಿಗೆ ಸಿಮೆಂಟು ಮೆತ್ತಿದ್ದಾರೆ.
ಬಂದ ನೀರು ಬಂದಲ್ಲೇ ಕೂತಿದೆ,
ಆಸ್ಪತ್ರೆ ಬೆಂಚಿನ ಮೇಲೆ ಟೋಕನ್ ಹಿಡಿದವರ ಹಾಗೆ.

ಚಿಂತಾಮಣಿಯ ಹುಡುಗಿ ಫರ್ಹಾನಾ ಬಂದಳು,
ಹೂಳು ಎಷ್ಟು ತುಂಬಿದೆ ನೋಡಲಿಕ್ಕೆ.
ನನಗೆ ದಿನಕ್ಕೆ ಎಂಟುನೂರು, ಊಟ ಅವರದು.
ಎರಡು ಡ್ರಮ್ಮು, ನಾಲ್ಕು ಬೊಂಬು ಬಿಗಿದ ತೆಪ್ಪ.
ನೊರೆ ಸರಿಸಿ, ಜೊಂಡು ಸರಿಸಿ
ಹತ್ತಡಿ ಪಿವಿಸಿ ಪೈಪು ನೆಟ್ಟಗೆ ಹಿಡಿದು ಬಡಿದೆ.
ಕೆರೆ ಬೇಡ ಅನ್ನಲಿಲ್ಲ.
ಮುದ್ದೆಗೆ ಬೆರಳಿಟ್ಟಂತೆ ಇಳಿಯಿತು.

ಏರಿಯ ಮೇಲೆ, ಹುಣಸೆಮರದ ನೆರಳಲ್ಲಿ
ಪೈಪು ಸೀಳಿ ಮಲಗಿಸಿದಳು.
ಮೇಲೆ ಅಂಗೈಯಗಲ ಬೂದಿಬಣ್ಣ, ಲೋಳೆ, ಸೋಪಿನ ವಾಸನೆ.
"ಇದು ಹೊಸದು, ಸಿಟಿಯದು."
ಅದರಡಿ ಒಂದು ಗೆರೆ ಗುಲಾಬಿ,
ಯಾವ ವರ್ಷದ ಗಣಪತಿಯ ಬಣ್ಣವೋ.
ಶಾಂಪೂ ಪೊಟ್ಟಣದ ಮೂಲೆ, ಬೆಲೆ ಇನ್ನೂ ಓದಬಹುದು.
ಬೋರು ಕೊರೆದ ಬಿಳಿ ಪುಡಿ,
ಸಾವಿರದ ಇನ್ನೂರಡಿ ಕೆಳಗಿನದು, ಇಲ್ಲಿ ಬಂದು ಮೇಲೆ ಕೂತಿದೆ.
ಅಲ್ಲಿಂದಾಚೆ
ಎರಡು ಗೇಣು ಕೆಂಪು. ಬರೀ ಕೆಂಪು.
ಮರಳಿನ ಒಂದು ಕಾಳಿಲ್ಲ.

ಬೆರಳಲ್ಲಿ ಉಜ್ಜಿ ನೋಡಿದಳು, ಮತ್ತೆ ಉಜ್ಜಿದಳು.
"ಮಳೆನೀರು ಇಷ್ಟು ನುಣ್ಣಗೆ ತರಲ್ಲ.
ಯಾರೋ ಸೋಸಿದ್ದಾರೆ."

ನಾನು ಜೇಬಲ್ಲಿ ಬೀಡಿ ಹುಡುಕಿದೆ.
ಆ ಎರಡು ಗೇಣು ನನ್ನದು, ಮೇಡಂ.
ಹೇಳಲಿಲ್ಲ.
ಆರು ವರ್ಷ ರಾಜಕಾಲುವೆಯ ಮಗ್ಗುಲಲ್ಲಿ ಗುಂಡಿ ತೋಡಿ,
ಗೋಮಾಳದ ಮಣ್ಣು ಸುರಿದು, ಮೋಟಾರು ಹಚ್ಚಿ,
ಸೊಂಟಮಟ್ಟ ಕೆಸರಲ್ಲಿ ಸಲಿಕೆಯಾಡಿಸಿ
ಮಣ್ಣನ್ನು ಹೋಗಲು ಬಿಟ್ಟೆ, ಮರಳನ್ನು ಹಿಡಿದಿಟ್ಟೆ.
ಫಿಲ್ಟರ್ ಮರಳು.
ರಾತ್ರಿ ಎರಡಕ್ಕೆ ಲಾರಿ, ದೀಪ ಆರಿಸಿಕೊಂಡು.
ಮಗಳ ಕಿವಿಯ ಓಲೆ ಅದರಲ್ಲೇ ಆದದ್ದು.
ನಮ್ಮ ಮರಳು ಯಾವ ಗೋಡೆಯಲ್ಲಿದೆಯೋ,
ಯಾವ ಬಚ್ಚಲಲ್ಲಿ ಅದಕ್ಕೆ ಒರಗಿ
ಯಾರು ಮೈ ತೊಳೆದರೋ,
ಬೆಳಗ್ಗೆ ನನ್ನ ಮೊಣಕಾಲಿಗೆ ತಾಗಿದ್ದು ಆ ನೀರೇ ಇರಬೇಕು.

ಊಟದ ಹೊತ್ತಿಗೆ ಮಾತಿಗೆ ಮಾತು ಬಂದು ಹೇಳಿದಳು,
ಪಾಲಾರು ಕಡಲು ಮುಟ್ಟುವ ಕಡೆ ಅಳಿವೆ ಇರುತ್ತೆ,
ಹೊಳೆ ಹೊತ್ತು ತಂದದ್ದನ್ನೆಲ್ಲ ಅಲ್ಲಿ ಇಳಿಸಿ ದಡ ಕಟ್ಟಬೇಕು.
ತರದೇ ಹೋದರೆ ಕಡಲು ಹಸಿದು ನೆಲ ತಿನ್ನುತ್ತೆ.
ನಾನು ಕಡಲು ನೋಡಿದವನಲ್ಲ.
ಅದರ ಪಾಲು ಇಲ್ಲಿ, ಏರಿಯ ಹಿಂದೆ ಸಿಕ್ಕಿಬಿದ್ದಿದೆ ಅಂತ
ಉಪ್ಪಿನಕಾಯಿ ನೆಕ್ಕುತ್ತ ನೆನೆದೆ.

ಸಂಜೆ, ಕಡೆಯ ಸಲ, ತೂಬಿನ ಪಕ್ಕದಲ್ಲೇ ಬಡಿ ಅಂದಳು.
ಏಳಡಿ. ಎಂಟು. ಒಂಬತ್ತಕ್ಕೆ
ಟಕ್ ಅಂತು.
ಅವಳು ಪುಸ್ತಕದಲ್ಲಿ ಬರೆದುಕೊಂಡಳು: ಒಂಬತ್ತು ಅಡಿ, ತಳ.
ತಳವಲ್ಲ ಅದು.
ಪೈಪು ಬಿಡದೆ, ಚಪ್ಪಲಿ ಕಳಚಿ,
ತೆಪ್ಪದ ಅಂಚಿಗೆ ಕೂತು ಕಾಲು ಇಳಿಬಿಟ್ಟೆ.
ಮೊಣಕಾಲ ತನಕ ನೀರು, ಆಮೇಲೆ ಲೋಳೆ,
ಆಮೇಲೆ ಬೆರಳುಗಳು
ತಾವಾಗಿಯೇ ತಡವತೊಡಗಿದವು.